ಒಳಗೆ ಬಿಡದ ಬಟ್ಟೆ

ದಪ್ಪಗಿರುವವರನ್ನು ಕಂಡರೆ ಜನರಿಗೆ ನಾಲಿಗೆಯ ಮೇಲಿನ ಹಿಡಿತ ತಪ್ಪುತ್ತದೆ. ಮೂವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತು ನಾನು ಕಲಿತದ್ದರಲ್ಲಿ ಇದೇ ಮೊದಲನೆಯದು. ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಸಲು ಬಂದ ಹೆಂಗಸರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಸರಿಸಿ, ಕೈ ಸ್ವಲ್ಪ ಎತ್ತಿ ನನ್ನೆದುರು ನಿಲ್ಲುತ್ತಾರೆ. ನಾನು ಟೇಪು ಸುತ್ತಿ, ಅಳತೆಯನ್ನು ಬಾಯಿಬಿಟ್ಟು ಹೇಳದೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಯಾರ ಎದೆ ಎಷ್ಟು, ಯಾರ ಸೊಂಟ ಎಷ್ಟು ಎಂದು ಇವತ್ತಿನವರೆಗೆ ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಅದೇ ಹೆಂಗಸರು ಕೈ ಇಳಿಸಿದ ಮರುಗಳಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ ಬ್ಲೌಸಿಗೆ ಎಷ್ಟ್ ಮೀಟರ್ ಬೇಕಾಗತ್ತೆ?" ಎಂದು ನಗುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೂತಲ್ಲೇ ಬದುಕು ನಡೆಯುವಂತೆ ನಾನು ಎಲ್ಲವನ್ನೂ ಜೋಡಿಸಿಕೊಂಡಿದ್ದೆ. ಬಲಗೈಗೆ ಕತ್ತರಿ, ಎಡಗೈಗೆ ದಾರದ ಡಬ್ಬ, ಕಾಲಬುಡದಲ್ಲಿ ಫ್ಲಾಸ್ಕು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಊಟಕ್ಕೆ ಒಮ್ಮೆ ಏಳುತ್ತಿದ್ದೆ, ಅಷ್ಟೇ. ಬಾಬಿನ್ ಜಾರಿ ಮಂಚದ ಕೆಳಗೆ ಉರುಳಿದರೆ ಸಂಜೆ ನಮ್ಮನೆಯವರು ಕೆಲಸದಿಂದ ಬರುವವರೆಗೆ ಆ ಬಣ್ಣದ ಹೊಲಿಗೆ ನಿಂತಂತೆಯೇ. ಬಗ್ಗಲು ಆಗುತ್ತಿರಲಿಲ್ಲ. ನೂರಾ ಹದಿನಾರು ಕೆಜಿ ಇದ್ದೆ. ಸಕ್ಕರೆ ಕಾಯಿಲೆ ಬಂದಿತ್ತು, ಮಂಡಿ ಸವೆದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅನ್ನ ಬಿಟ್ಟೆ, ಜೀರಿಗೆ ನೀರು ಕುಡಿದೆ, ಯಾರೋ ಹೇಳಿದರೆಂದು ನಲವತ್ತೆಂಟು ದಿನ ಬೂದುಗುಂಬಳದ ರಸ ಕುಡಿದೆ. ಮೂರು ಕೆಜಿ ಇಳಿದು ಐದು ಕೆಜಿ ಏರಿತು. ಕೊನೆಗೆ ಸಕ್ಕರೆ ಕಾಯಿಲೆಯ ಡಾಕ್ಟರೇ ಬೊಜ್ಜಿನ ಆಪರೇಷನ್ ಮಾಡಿಸಿಕೊಳ್ಳಿ ಎಂದು ಬೇರೆ ಆಸ್ಪತ್ರೆಗೆ ಕಳಿಸಿದರು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಸಪೂರ ಮಾಡಿ ಹೊಲಿಯುತ್ತಾರಂತೆ. ಹೊಲಿಗೆ ಎಂದಾಗ ನನಗೆ ಸ್ವಲ್ಪ ಧೈರ್ಯ ಬಂತು.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನಮ್ಮನೆಯವರು, "ಯಾರಾದ್ರೂ ಕೇಳಿದ್ರೆ ಗಾಲ್‌ಬ್ಲಾಡರ್ ಕಲ್ಲು ಅಂದ್ಬಿಡು. ಇದನ್ನ ಹೇಳಿದ್ರೆ, ತಿಂದೂ ತಿಂದೂ ಹೊಟ್ಟೆ ಕತ್ತರಿಸ್ಕೊಂಡ್ಲು ಅಂತಾರೆ" ಎಂದರು. ನಾನು ಎರಡನೇ ಸಲ ಯೋಚಿಸಲಿಲ್ಲ. ಆಗಲಿ ಎಂದೆ. ಈ ಬರಹದಲ್ಲಿ ನಾನು ಬೈಯುವ ಜನ ಬಹಳ ಇದ್ದಾರೆ. ಆದರೆ ಆ "ಆಗಲಿ" ಎಂಬ ಮಾತು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಆಪರೇಷನ್ ಆದಮೇಲೆ ಎಲ್ಲ ತಾನಾಗಿ ಇಳಿಯುತ್ತದೆ ಎಂದುಕೊಂಡಿದ್ದೆ. ಊಟದ ವಿಷಯ ನೋಡಿಕೊಳ್ಳುವ ಹುಡುಗಿ ಆಸ್ಪತ್ರೆಯಲ್ಲಿ ಮುಖದ ಮೇಲೆ ಹೊಡೆದಂತೆ ಹೇಳಿದಳು: "ಅಮ್ಮ, ನಾವು ಹೊಟ್ಟೆ ಚಿಕ್ಕದು ಮಾಡಿದೀವಿ ಅಷ್ಟೇ. ನೀವು ನಡೀದೇ ಇದ್ರೆ ಕೊಬ್ಬಿನ ಜೊತೆ ಮಾಂಸಖಂಡನೂ ಕರಗತ್ತೆ. ಎರಡು ವರ್ಷ ಕಳೆದ್ಮೇಲೆ ತೂಕ ವಾಪಸ್ ಬರತ್ತೆ." ಇಷ್ಟೆಲ್ಲ ಕೊಯ್ಯಿಸಿಕೊಂಡ ಮೇಲೂ ನಡೆಯಬೇಕು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆಟೋದಲ್ಲಿ ಮನೆಗೆ ಬರುವಷ್ಟೂ ದಾರಿ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಮೂರನೇ ವಾರ ನಡೆಯಲು ಹೊರಟೆ. ಐವತ್ತೆರಡು ವರ್ಷಕ್ಕೆ ಮೊದಲ ಸಲ ಬೂಟು ಹಾಕಿದವಳು ನಾನು. ಸೀರೆಯ ಕೆಳಗೆ ಬೂಟು, ಅದಕ್ಕೆ ನಮ್ಮ ಬೀದಿಯ ಕಣ್ಣೆಲ್ಲ ನನ್ನ ಕಾಲ ಮೇಲೆ. ಫುಟ್‌ಪಾತ್ ಎಂಬುದು ನಮ್ಮಲ್ಲಿ ಹೆಸರಿಗೆ ಇದೆ. ಎರಡು ಚಪ್ಪಡಿಗೆ ಒಂದು ಚಪ್ಪಡಿ ಕಾಣೆ, ಉಳಿದದ್ದರ ಮೇಲೆ ಸ್ಕೂಟರು. ಮನೆಯಿಂದ ಬೀದಿಯ ತುದಿಯ ಹಿಟ್ಟಿನ ಗಿರಣಿಯವರೆಗೆ ಹೋಗುವಷ್ಟರಲ್ಲಿ ತೊಡೆ ನಡುಗಿ ಗಿರಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಿರಣಿಯಾತ ಏನೂ ಕೇಳಲಿಲ್ಲ. ಮರುದಿನ ಹೋದಾಗ ಮೆಟ್ಟಿಲ ಮೇಲಿನ ಹಿಟ್ಟು ಒರೆಸಿ ಒಂದು ಗೋಣಿಚೀಲ ಹಾಸಿಟ್ಟಿದ್ದ. ನನ್ನ ಇಡೀ ನಡಿಗೆಯ ಕತೆಯಲ್ಲಿ ನನಗೆ ಸಿಟ್ಟು ಬರಿಸದ ಮನುಷ್ಯ ಅವನೊಬ್ಬನೇ.

ಉಳಿದವರೆಲ್ಲ ಬಾಯಿ ಇದ್ದವರೇ. "ಏನ್ ಆಂಟಿ, ಇವತ್ತು ಎಷ್ಟ್ ಕರಗ್ತು?" ಎಂದು ಹೂವಿನವಳು. "ಮನೆ ಕೆಲ್ಸ ಮಾಡಿದ್ರೆ ಸಾಕು, ವಾಕಿಂಗ್ ಯಾಕೆ?" ಎಂದು ಎದುರುಮನೆಯ ಅಜ್ಜಿ. ಇವರಿಗೆಲ್ಲ ನಾನು ಹಲ್ಲು ಕಚ್ಚಿಕೊಂಡು ನಡೆದೇ ಉತ್ತರ ಕೊಟ್ಟೆ. ಗಿರಣಿ ದಾಟಿದೆ. ದೊಡ್ಡ ರಸ್ತೆ ದಾಟಿದೆ. ಎರಡು ತಿಂಗಳಿಗೆ ಗವಿಪುರದ ಕಡೆ ಹೋಗುವ ದಾರಿಯ ಪಾರ್ಕು ಮುಟ್ಟಿದೆ. ಅಲ್ಲಿ ಮೊದಲು ಅರ್ಧ ಸುತ್ತು, ಆಮೇಲೆ ಒಂದು, ವರ್ಷ ಕಳೆಯುವಷ್ಟರಲ್ಲಿ ನಾಲ್ಕು ಸುತ್ತು. ಯಾವ ದಿನವೂ ಖುಷಿಯಿಂದ ಎದ್ದವಳಲ್ಲ. ಐದೂವರೆಗೆ ಅಲಾರಂ ಹೊಡೆದಾಗಲೆಲ್ಲ ಆ ಆಸ್ಪತ್ರೆಯ ಹುಡುಗಿಯನ್ನು ಒಮ್ಮೆ ಬೈದು ಬೂಟಿನ ದಾರ ಕಟ್ಟುತ್ತಿದ್ದೆ. ನಾನೇ ಬಗ್ಗಿ ಕಟ್ಟುತ್ತಿದ್ದೆ.

ಮೈ ಇಳಿಯಿತು. ನಲವತ್ತು ಕೆಜಿ. ಪಾರ್ಕಿನಲ್ಲಿ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂರುವ ಹೆಂಗಸರ ಗುಂಪು ನನ್ನನ್ನು ಸೇರಿಸಿಕೊಂಡಿತು. ಅದೇ ಹೆಂಗಸರಲ್ಲಿ ಮೂವರು ನನ್ನ ಬ್ಲೌಸಿನ ಮೀಟರ್ ಕೇಳಿದವರು. ಈಗ, "ಏನ್ ಮಾಡಿದ್ರಿ, ನಮಗೂ ಸ್ವಲ್ಪ ಹೇಳಿ" ಎಂದು ಕೇಳಿದರು. ಆಪರೇಷನ್ ಎಂಬ ಮಾತು ಗಂಟಲವರೆಗೆ ಬಂತು. ನಾನು ಹೇಳಿದ್ದು, "ವಾಕಿಂಗೇ ಕಣ್ರೀ. ಮತ್ತೆ ಬಾಯಿ ಕಟ್ಟಿದೀನಿ" ಎಂದು. ಆ ವರ್ಷದ ವರಮಹಾಲಕ್ಷ್ಮಿಗೆ ಅರಿಸಿನ ಕುಂಕುಮಕ್ಕೆ ಕರೆದವರ ಮನೆಯಲ್ಲಿ ತಟ್ಟೆಯಲ್ಲಿ ಎರಡು ಚಮಚ ಕೋಸಂಬರಿ ತಿಂದು ಕೈ ತೊಳೆದಾಗ, ಎಂಥ ಕಂಟ್ರೋಲ್ ನೋಡಿ ಎಂದು ಒಬ್ಬರಿಗೊಬ್ಬರು ತೋರಿಸಿದರು. ಮೂರನೇ ಚಮಚ ತಿಂದರೆ ನನಗೆ ಎದೆ ಹಿಡಿದುಕೊಂಡು ವಾಂತಿಯಾಗುತ್ತದೆ. ಅದಕ್ಕೆ ಕಂಟ್ರೋಲ್ ಎಂಬ ಹೆಸರು ಬಂತು, ನಾನು ಆ ಹೆಸರನ್ನು ಸೆರಗಲ್ಲಿ ಗಂಟು ಹಾಕಿಕೊಂಡು ಮನೆಗೆ ಬಂದೆ. ಮೂವತ್ತು ವರ್ಷ ಅವರ ನಗು ತಿಂದವಳಿಗೆ ಆ ಹೊಗಳಿಕೆ ಎಷ್ಟು ರುಚಿಯಾಗಿತ್ತು ಎಂದರೆ, ಬಿಡಲಾಗಲಿಲ್ಲ.

ಆ ಅರಿಸಿನ ಕುಂಕುಮದಲ್ಲಿ ನನ್ನ ತಟ್ಟೆಯನ್ನು ಕಣ್ಣು ಕೀಲಿಸಿ ನೋಡುತ್ತಿದ್ದ ಒಬ್ಬ ಹುಡುಗಿ ಇದ್ದಳು. ಇಪ್ಪತ್ತಾರು ವರ್ಷ, ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ, ತಾಯಿ ನನ್ನ ಹಳೇ ಗಿರಾಕಿ. ಮುಂದಿನ ವಾರವೇ ತಾಯಿ ಮಗಳನ್ನು ಕರೆದುಕೊಂಡು ಬಂದರು, ಕೈಯಲ್ಲಿ ತಿಳಿಹಸಿರು ರೇಷ್ಮೆ ಸೀರೆ. ಗಂಡಿನ ಕಡೆಯವರೊಬ್ಬರು ಫೋಟೋ ನೋಡಿ ಹುಡುಗಿ ಸ್ವಲ್ಪ ದಪ್ಪ ಎಂದರಂತೆ. ಇನ್ನು ನಾಲ್ಕು ತಿಂಗಳಿಗೆ ನೆಂಟರ ಮದುವೆ, ಅಲ್ಲಿ ಇನ್ನೊಂದು ಕಡೆಯವರು ನೋಡಲು ಬರುತ್ತಾರೆ.

ತಾಯಿ ನನ್ನನ್ನೇ ತೋರಿಸಿ ಮಗಳಿಗೆ ಹೇಳಿದರು: "ಆಂಟೀನ ನೋಡು. ಈ ವಯಸ್ಸಲ್ಲಿ ಅವರ ಕೈಲಿ ಆಯ್ತು. ನಿಂಗೇನ್ ಬಂದಿದೆ ರೋಗ?" ಹುಡುಗಿ ತಲೆ ತಗ್ಗಿಸಿ ಕೈ ಎತ್ತಿ ನಿಂತಳು. ತಾಯಿ ನನ್ನತ್ತ ತಿರುಗಿ, "ಎಲ್ಲಾ ಕಡೆ ಎರಡಿಂಚು ಕಮ್ಮಿ ಇಟ್ಟು ಹೊಲೀರಿ. ಅಷ್ಟರಲ್ಲಿ ಇಳೀತಾಳೆ. ಒಳಗಡೆ ಬಟ್ಟೆ ಬಿಡ್ಬೇಡಿ, ಬಿಟ್ರೆ ಬಿಚ್ಚಿಸ್ಕೋತೀನಿ ಅನ್ನೋ ಧೈರ್ಯ ಬರತ್ತೆ" ಎಂದರು.

ಇಲ್ಲಿ ನನ್ನ ಕೆಲಸದ ಒಂದು ಪದ್ಧತಿ ಹೇಳಬೇಕು. ಬ್ಲೌಸಿನ ಎರಡು ಪಕ್ಕದಲ್ಲೂ ನಾವು ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು, ಒಂದರ ಪಕ್ಕ ಒಂದರಂತೆ ಮೂರು ಹೊಲಿಗೆ ಹಾಕುತ್ತೇವೆ. ಮೈ ತುಂಬಿಕೊಂಡರೆ ಒಂದು ಹೊಲಿಗೆ ಬಿಚ್ಚಿದರಾಯಿತು. ಬಸುರಿಗೆ, ಬಾಣಂತಿಗೆ, ವಯಸ್ಸಾದವರಿಗೆ, ಯಾರಿಗೇ ಆಗಲಿ, ಬಟ್ಟೆ ಬಿಡದೆ ಬ್ಲೌಸ್ ಹೊಲಿಯುವ ಟೈಲರ್ ಟೈಲರೇ ಅಲ್ಲ ಎಂದು ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಎದುರಿಗೆ ನಿಂತಿರುವ ಮೈಯನ್ನು ಬಿಟ್ಟು, ಇಲ್ಲದ ಮೈಗೆ ಹೊಲಿಯುವುದಂತೂ ಕೆಲಸ ಕಲಿಯುವವರೂ ಮಾಡದ ತಪ್ಪು. ಇದೆಲ್ಲ ಗೊತ್ತಿದ್ದೂ ನಾನು ಆಗಲ್ಲ ಎನ್ನಲಿಲ್ಲ. ಅಷ್ಟು ಹೊಗಳಿದ ಬಾಯಿಗೆ ಎದುರಾಡಲು ನಾಲಿಗೆ ಏಳಲಿಲ್ಲ. ಎರಡಿಂಚು ಕಡಿಮೆ ಇಟ್ಟು ಕತ್ತರಿಸಿದೆ, ಪಕ್ಕದ ಬಟ್ಟೆಯನ್ನು ಹೊಲಿಗೆಯ ಅಂಚಿಗೆ ಸವರಿ ತೆಗೆದೆ. ಗಿರಾಕಿ ಬ್ಲೌಸ್ ಒಯ್ದು ಹಾಕಿಕೊಳ್ಳುವವರೆಗೆ ಚೂರುಗಳನ್ನು ಎಸೆಯುವ ಅಭ್ಯಾಸ ನನಗಿಲ್ಲ. ಕವರಿನಲ್ಲಿ ಕಟ್ಟಿಟ್ಟೆ.

ಹುಡುಗಿ ಮಾರನೆಯ ದಿನದಿಂದ ನನ್ನ ಜೊತೆ ನಡೆಯಲು ಬಂದಳು. ಬಾಗಿಲ ಹೊರಗೆ ನಿಂತು ಮೆಲ್ಲಗೆ ಕೆಮ್ಮುತ್ತಿದ್ದಳು, ಬೆಲ್ ಹೊಡೆದರೆ ನಮ್ಮನೆಯವರಿಗೆ ಎಚ್ಚರವಾದೀತು ಎಂದು. ತನ್ನ ಕ್ಲಾಸಿನ ಮಕ್ಕಳ ಚೇಷ್ಟೆ ಹೇಳಿ ನಗಿಸುತ್ತಿದ್ದಳು. ನಡೆಯುವುದು ಖುಷಿ ಎಂದು ನನಗೆ ಅನಿಸಿದ್ದು ಅವಳು ಬಂದಮೇಲೆ, ಅದನ್ನು ಒಪ್ಪಿಕೊಳ್ಳುತ್ತೇನೆ. ನಾಲ್ಕು ಸುತ್ತು ಮುಗಿಸಿ ಅವಳು ಅಲ್ಲಿಂದಲೇ ಶಾಲೆಗೆ ಹೋಗುತ್ತಿದ್ದಳು. ಬ್ಯಾಗಿನಲ್ಲಿ ಮಕ್ಕಳಿಗೆ ಕೊಡುವಂಥ ಒಂದು ಚಿಕ್ಕ ಡಬ್ಬಿ. ಬೆಂಚಿನಲ್ಲಿ ಕೂತು ಅದನ್ನು ತೆಗೆದು ತಿನ್ನುತ್ತಿದ್ದಳು: ಎರಡು ಚಮಚ ಹೆಸರುಬೇಳೆ, ಸೌತೆಕಾಯಿ ನಾಲ್ಕು ತುಂಡು. ನನ್ನ ತಿಂಡಿಯೇ ಅದು, ತೂಕ ಹಾಕಿದಂತೆ ಅಷ್ಟೇ.

ಮೊದಲ ದಿನವೇ ಕಂಡಿತು. "ಇಷ್ಟ್ ಸಾಲಲ್ಲ ಕಣೇ ನಿಂಗೆ. ಎರಡು ಇಡ್ಲಿನಾದ್ರೂ ತಿನ್ನು" ಎಂದೆ.

"ನೀವ್ ತಿಂತೀರಾ ಆಂಟಿ?"

"ನನ್ ವಯಸ್ಸು ಬೇರೆ."

"ವಯಸ್ಸಾದವ್ರಿಗೆ ಆಗೋದು ನಂಗಾಗಲ್ವಾ?" ಎಂದು ನಕ್ಕಳು. ನಾನು ಮಾತು ತಿರುಗಿಸಿದೆ.

ಎರಡು ತಿಂಗಳಿಗೆ ಬ್ಲೌಸ್ ಹಾಕಿ ನೋಡಲು ಬಂದಳು. ಟೇಪು ಹಿಡಿದರೆ ಮೂರಿಂಚು ಇಳಿದಿತ್ತು. ಕೊರಳ ಕೆಳಗಿನ ಎಲುಬು ಎದ್ದಿತ್ತು. ಬಾಚಿದರೆ ಕೂದಲು ಕೈಗೆ ಬರತ್ತೆ ಎಂದಳು. ಆಪರೇಷನ್ ಆದಮೇಲೆ ನನಗೂ ಕೂದಲು ಉದುರಿತ್ತು, ಆದರೆ ನನಗೆ ಔಷಧಿಯ ಪುಡಿ ಇತ್ತು, ಮಾತ್ರೆ ಇತ್ತು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇತ್ತು. ಅವಳ ಬಳಿ ಇದ್ದದ್ದು ನನ್ನ ಸುಳ್ಳು ಒಂದೇ. ಆ ದಿನವೂ ನಾನು ಹೇಳಲಿಲ್ಲ. ಅಳತೆ ಬರೆದುಕೊಂಡೆ, ಪುಸ್ತಕ ಮುಚ್ಚಿದೆ, ಬ್ಲೌಸ್ ಕೊಟ್ಟು ಕಳಿಸಿದೆ.

ಅವಳು ಬಿದ್ದದ್ದು ಮೂರನೇ ಸುತ್ತಿನಲ್ಲಿ, ಪಾರ್ಕಿನ ನಲ್ಲಿಯ ಹತ್ತಿರ. ಮಾತಾಡುತ್ತಿದ್ದವಳು ಮಾತು ನಿಲ್ಲಿಸಿದಳು, ತಿರುಗಿ ನೋಡುವಷ್ಟರಲ್ಲಿ ಮಂಡಿ ಮಡಚಿ ಕುಸಿದಳು. ಹಣೆ ಕಲ್ಲಿಗೆ ತಗುಲಿ ರಕ್ತ. ತುಟಿ ಸುಣ್ಣದಂತೆ ಬಿಳಿ. ನಾನು ನೆಲದಲ್ಲಿ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಯಾರೋ ಗೇಟಿನಿಂದ ಎಳನೀರು ತಂದರು. ಬೇವಿನ ಮರದ ಬೆಂಚಿನವರು ಎದ್ದು ಬಂದು ಸುತ್ತ ನಿಂತು, ಜಾಸ್ತಿ ಸ್ಪೀಡಾಗಿ ನಡೆದಿದ್ದಾಳೆ ಎಂದು ತೀರ್ಮಾನ ಕೊಟ್ಟರು. ದಾರಿಯಲ್ಲೇ ಕ್ಲಿನಿಕ್ಕಿನಲ್ಲಿ ಹಣೆಗೆ ಪಟ್ಟಿ ಹಾಕಿಸಿದೆ. ಅಲ್ಲಿನ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಏನಮ್ಮ, ಊಟ ಮಾಡ್ತಿದೀಯ ತಾನೇ?" ಎಂದಾಗ ಅವಳು ನನ್ನ ಮುಖ ನೋಡಿದಳು.

ಆಟೋದಲ್ಲಿ ಅವರ ಮನೆಗೆ ಕರೆದುಕೊಂಡು ಹೋದೆ. ತಾಯಿ ಗಾಬರಿಯಾದರು, ಅತ್ತರು, ಹಾಲಿಗೆ ಸಕ್ಕರೆ ಹಾಕಿ ಕುಡಿಸಿದರು. ಗಾಬರಿ ಇಳಿದ ಮೇಲೆ ನನ್ನತ್ತ ತಿರುಗಿ, "ನೀವೂ ಹಿಂಗೇ ತಾನೇ ಕಮ್ಮಿ ತಿಂದಿದ್ದು? ನಿಮಗೇನೂ ಆಗ್ಲಿಲ್ವಲ್ಲ. ಇವಳಿಗೆ ಮೈಯಲ್ಲಿ ತಾಕತ್ತಿಲ್ಲ ಅಷ್ಟೇ" ಎಂದರು.

ಆಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನಾನು ನಿಂತು ವಿಚಾರಿಸಲಿಲ್ಲ. ಸೆರಗು ಸರಿಸಿ, ಸೀರೆಯ ನೆರಿಗೆ ಸ್ವಲ್ಪ ತಗ್ಗಿಸಿ ಹೊಟ್ಟೆ ತೋರಿಸಿದೆ. ಐದು ಚಿಕ್ಕ ಗಾಯದ ಗುರುತು. "ಗಾಲ್‌ಬ್ಲಾಡರ್ ಅಲ್ಲ. ನನ್ ಜಠರ ಮುಕ್ಕಾಲು ಪಾಲು ಕತ್ತರಿಸಿ ತೆಗ್ದಿದಾರೆ. ನಾನು ಬಾಯೂ ಕಟ್ಟಿಲ್ಲ, ಮೂಗೂ ಕಟ್ಟಿಲ್ಲ. ಎರಡು ಚಮಚಕ್ಕಿಂತ ಒಳಗೆ ಜಾಗ ಇಲ್ಲ. ಇವಳಿಗೆ ಇದೆ. ಇವಳು ಇಷ್ಟು ದಿನ ಹಸ್ಕೊಂಡು ನಡೆದಿದಾಳೆ" ಎಂದೆ.

ಆ ತಾಯಿ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದ್ದು ಇದು: "ಯಾವ ಆಸ್ಪತ್ರೆ? ಡಾಕ್ಟ್ರ ನಂಬರ್ ಇದ್ಯಾ? ಮದುವೆಯಷ್ಟೊತ್ತಿಗೆ ಸರಿಹೋಗತ್ತಾ?"

ಹಣೆಗೆ ಪಟ್ಟಿ ಕಟ್ಟಿಕೊಂಡು ದಿವಾನದ ಮೇಲೆ ಮಲಗಿದ್ದ ಮಗಳು ಅದನ್ನು ಕೇಳಿಸಿಕೊಂಡಳು. ಅಷ್ಟು ದಪ್ಪವೂ ಇಲ್ಲದ, ಯಾವ ಕಾಯಿಲೆಯೂ ಇಲ್ಲದ ಹುಡುಗಿ. ಅಂಥವಳಿಗೆ ಯಾವ ಡಾಕ್ಟರೂ ಕತ್ತಿ ಹಿಡಿಯುವುದಿಲ್ಲ, ನನಗೆ ಮಾಡಿದ್ದು ನಾನು ಸಾಯಬಾರದು ಎಂದು, ಫೋಟೋ ಚೆನ್ನಾಗಿ ಬರಲಿ ಎಂದಲ್ಲ ಎಂದು ನಾನು ಕೂಗಾಡಿದೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ಕೂಗಿ ಮುಗಿದ ಮೇಲೆ ಹುಡುಗಿ ಮಲಗಿದಲ್ಲಿಂದಲೇ ಕೇಳಿದಳು.

"ಆಂಟಿ, ನನ್ ಡಬ್ಬಿ ನೋಡಿದ್ರಿ ತಾನೇ?"

"ನೋಡ್ದೆ."

"ದಿನಾ ನೋಡಿದ್ರಿ."

ಅವಳು ಗೋಡೆಯ ಕಡೆ ತಿರುಗಿಕೊಂಡಳು. ನಾನು ಚಪ್ಪಲಿ ಹಾಕಿಕೊಂಡು, ಅಲ್ಲ, ಬೂಟು ಹಾಕಿಕೊಂಡು ಮನೆಗೆ ಬಂದೆ.

ಆಮೇಲಿನ ಒಂದು ತಿಂಗಳು ಒಬ್ಬಳೇ ನಡೆದೆ. ಬಾಗಿಲ ಹೊರಗೆ ಕೆಮ್ಮು ಕೇಳೀತೇ ಎಂದು ಐದೂವರೆಗೆ ಕಿವಿಗೊಟ್ಟು ಕೂರುವುದು, ಆಮೇಲೆ ಹೊರಡುವುದು. ಬೇವಿನ ಮರದ ಬೆಂಚಿನ ಹತ್ತಿರ ನಿಲ್ಲದೆ ಬಿರುಸಾಗಿ ದಾಟಿಬಿಡುತ್ತಿದ್ದೆ. ನಮ್ಮನೆಯವರು, "ಹೋಗ್ಲಿ ಬಿಡು, ಆ ಮನೆಗೆ ಮಾತ್ರ ತಾನೇ ಗೊತ್ತಾಗಿರೋದು. ಅವ್ರು ಯಾರಿಗೂ ಹೇಳಲ್ಲ" ಎಂದರು. ಹೌದು, ಹೇಳುವುದಿಲ್ಲ, ಮಗಳ ಮದುವೆಯಾಗಬೇಕಲ್ಲ. ನನ್ನ ಹೆಸರು ಕೆಡದೆ ಉಳಿದದ್ದಕ್ಕೆ ಸಮಾಧಾನಪಡಬೇಕೆಂದು ಹೇಳಿದ ಆ ಮನುಷ್ಯನ ಜೊತೆ ಮೂರು ದಿನ ಮಾತು ಬಿಟ್ಟೆ. ನನ್ನ ಜೊತೆಯೂ ಮಾತು ಬಿಡಲು ಸಾಧ್ಯವಿದ್ದರೆ ಬಿಡುತ್ತಿದ್ದೆ.

ಒಂದು ಸಂಜೆ ಹುಡುಗಿ ಬಂದಳು. ಹಣೆಯ ಗಾಯ ಒಣಗಿ ಗೆರೆಯಾಗಿತ್ತು, ಮುಖದಲ್ಲಿ ಸ್ವಲ್ಪ ರಕ್ತ ಬಂದಿತ್ತು. ತಿಳಿಹಸಿರು ಬ್ಲೌಸನ್ನು ಮಿಷನ್ನಿನ ಮೇಲೆ ಇಟ್ಟಳು. "ಕೈ ತೂರಲ್ಲ. ಸರಿ ಮಾಡ್ಕೊಡಿ" ಎಂದಳು. ಬಿಚ್ಚಲು ಒಳಗೆ ಬಟ್ಟೆ ಇರಲಿಲ್ಲ, ಸವರಿದವಳು ನಾನೇ. ಕವರಿನಿಂದ ಚೂರು ಹುಡುಕಿ ತೆಗೆದೆ. ಅವಳು ಕೈ ಎತ್ತಿ ನಿಂತಳು, ಈ ಸಲ ತಲೆ ತಗ್ಗಿಸದೆ. ಎದುರಿಗೆ ಇದ್ದ ಮೈಯ ಅಳತೆಯನ್ನು ಇದ್ದಂತೆ ಬರೆದುಕೊಂಡೆ. ಕಂಕುಳ ಕೆಳಗೆ ಎರಡೂ ಕಡೆ ಪಟ್ಟಿ ಕೂಡಿಸಿ, ಒಳಗೆ ಬಟ್ಟೆ ಬಿಟ್ಟು, ಮೂರು ಹೊಲಿಗೆ ಹಾಕಿದೆ. ಪಟ್ಟಿ ಕೂಡಿಸಿದ ಗುರುತು ಹತ್ತಿರದಿಂದ ನೋಡಿದರೆ ಕಾಣುತ್ತಿತ್ತು. ಕ್ಷಮಿಸು ಎಂದು ಹೇಳಲು ಬಾಯಿ ತೆರೆದೆ.

"ಪಾರ್ಕಿನ ಆಂಟಿಯರಿಗೆ ಹೇಳಿದ್ರಾ?" ಎಂದು ಅವಳೇ ಕೇಳಿದಳು.

"ಇಲ್ಲ."

"ಅಲ್ಲಿ ಇನ್ನೂ ಇಬ್ರು ನಿಮ್ಮನ್ನ ನೋಡ್ಕೊಂಡು ಬಾಯಿ ಕಟ್ತಿದಾರೆ. ನಂಗೊತ್ತು."

ಮರುದಿನ ಐದೂವರೆಗೆ ಬಾಗಿಲ ಹೊರಗೆ ಕೆಮ್ಮು ಕೇಳಿಸಿತು. ದಾರಿಯಲ್ಲಿ ಅವಳು ಮಕ್ಕಳ ಚೇಷ್ಟೆ ಹೇಳಲಿಲ್ಲ. ಮೂರು ಸುತ್ತು ಆದಮೇಲೆ ಬೇವಿನ ಮರದ ಬೆಂಚಿನ ಎದುರು ನಿಂತು ನನ್ನನ್ನು ನೋಡಿದಳು. ಕ್ಲಾಸಿನಲ್ಲಿ ಹೋಂವರ್ಕ್ ಮಾಡದವರನ್ನು ಅವಳು ಹೀಗೇ ನೋಡುತ್ತಿರಬೇಕು. ನಾನು ಹೇಳಿದೆ. ಗಾಲ್‌ಬ್ಲಾಡರಿನಿಂದ ಹಿಡಿದು ಐದು ಗಾಯದವರೆಗೆ, ವರಮಹಾಲಕ್ಷ್ಮಿಯ ಕೋಸಂಬರಿಯವರೆಗೆ, ಇವಳ ಡಬ್ಬಿಯವರೆಗೆ ಹೇಳಿದೆ.

ಒಬ್ಬಾಕೆ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು. ಇನ್ನೊಬ್ಬಾಕೆ, "ಅದಕ್ಕೇ ಅಂದ್ಕೊಂಡೆ, ಬರೀ ವಾಕಿಂಗಲ್ಲಿ ಎಲ್ ಇಳಿಯತ್ತೆ? ಸುಲಭದ ದಾರಿ ಹಿಡಿದ್ರಿ ಬಿಡಿ" ಎಂದು ನಕ್ಕಳು. ಮೂವತ್ತು ವರ್ಷದ ಹಳೆಯ ಅದೇ ನಗು. ಗಿರಣಿಯ ಮೆಟ್ಟಿಲ ಮೇಲೆ ತೊಡೆ ನಡುಗುತ್ತ ಕೂತ ದಿನಗಳು, ಬೈದುಕೊಂಡು ಎದ್ದ ಐದೂವರೆಗಳು, ಎಲ್ಲ ಒಟ್ಟಿಗೆ ನೆತ್ತಿಗೇರಿದವು. ಈ ಸಲ ನಾನು ಜೊತೆಗೆ ನಗಲಿಲ್ಲ. "ನನ್ ಹೊಟ್ಟೆ ಕತ್ತರಿಸಿದ್ದು ಡಾಕ್ಟ್ರು. ಈ ಸುತ್ತು ನಡೆದಿದ್ದು ನಾನು. ಸುಲಭ ಅನ್ಸಿದ್ರೆ ಬೆಂಚ್ ಬಿಟ್ಟು ಏಳಿ, ಒಟ್ಟಿಗೆ ನಡಿಯೋಣ" ಎಂದೆ. ಯಾರೂ ಏಳಲಿಲ್ಲ.

ಹುಡುಗಿ ಆಗಲೇ ಹೊರಟು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದಳು. ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ನಾನು ಆ ದಿನವೂ ಅಂದುಕೊಳ್ಳಲಿಲ್ಲ, ಈಗಲೂ ಅಂದುಕೊಂಡಿಲ್ಲ. ನಲ್ಲಿಯ ಹತ್ತಿರ, ತಾನು ಬಿದ್ದ ಜಾಗದಲ್ಲಿ, ನಿಂತು ಬ್ಯಾಗಿನಿಂದ ಡಬ್ಬಿ ತೆಗೆದಳು. ಈಗಿನದು ದೊಡ್ಡ ಡಬ್ಬಿ, ಎರಡು ಅಂತಸ್ತಿನದು. ಮುಚ್ಚಳ ತೆಗೆದು, ನಾನು ಹತ್ತಿರ ಬರುವವರೆಗೆ ಕಾದು, ನನಗೆ ಕಾಣುವಂತೆ ಹಿಡಿದಳು. ಇಡ್ಲಿ ಮೂರಿದ್ದವು. ನಾನು ನೋಡಿದೆ ಎಂದು ಖಾತ್ರಿಯಾದ ಮೇಲೆ ಮುಚ್ಚಳ ಹಾಕಿ, "ಇನ್ನೊಂದು ಸುತ್ತಿದೆ, ನಡೀರಿ" ಎಂದಳು.